ಯಾನಕಾದಿಂದ ಉಯೆನೊವರೆಗೆ ಏಳು ದೇವರ ನಡಿಗೆ: ಅಲ್ಲಿ ಸಿಗುವ ಸರಸ್ವತಿ ನಮ್ಮವಳೇ?

ತುಂಗಾತೀರ:
ಟೋಕಿಯೊದಲ್ಲಿ ಯಾನಕಾ ಅಂತ ಒಂದು ಹಳೇ ಪೇಟೆ ಇದೆ. ಎತ್ತರದ ಕಟ್ಟಡ ಕಡಿಮೆ, ದೇವಸ್ಥಾನ ಜಾಸ್ತಿ. ಜನವರಿಯ ಮೊದಲ ಹತ್ತು ದಿನ ಜನ ಅಲ್ಲಿ ಏಳು ಭಾಗ್ಯದೇವರ ದರ್ಶನಕ್ಕೆ ನಡೆದು ಹೋಗುತ್ತಾರೆ. ತಾಬಾತಾ ಸ್ಟೇಷನ್ ಕಡೆಯಿಂದ ಹೊರಟರೆ ಉಯೆನೊದ ಶಿನೊಬಾಝು ಕೊಳದ ತನಕ ಏಳು ದೇವಸ್ಥಾನ, ಸುಮಾರು 5 ಕಿಲೋಮೀಟರ್. ಟೋಕಿಯೊಗೆ ಎದೊ ಅಂತ ಹೆಸರಿದ್ದ ಕಾಲದ ರೂಢಿ ಇದು. ಈ ಸಲ ನಾನೂ ಒಬ್ಬ ಸ್ವಯಂಸೇವಕ ಗೈಡ್ ಜೊತೆ ಹೋಗಿದ್ದೆ. ಕೆಲಸದಿಂದ ನಿವೃತ್ತರಾದ ಹಿರಿಯರು. ಕೈಯಲ್ಲಿ ಹಳೇ ನಕ್ಷೆಗಳ ಫೈಲು, ಬಾಯಲ್ಲಿ ಬಿಡುವಿಲ್ಲದ ಕಥೆ.

ಮೊದಲು ತೋಗಾಕುಜಿ. ಇಲ್ಲಿಯ ಭಾಗ್ಯದೇವರು ಫುಕುರೊಕುಜು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಕಲ್ಲಿನ ದ್ವಾರಪಾಲಕರು. 1641ರವು. ಮೈತುಂಬ ಕೆಂಪು ಕಾಗದ. ನಿಮಗೆ ಮಂಡಿ ನೋವಿದ್ದರೆ ಮೂರ್ತಿಯ ಮಂಡಿಗೆ ಒಂದು ಕೆಂಪು ಚೀಟಿ ಅಂಟಿಸಬೇಕು. ವಾಸಿಯಾದರೆ ಹುಲ್ಲಿನ ಚಪ್ಪಲಿ ತಂದು ಒಪ್ಪಿಸಬೇಕು. ಎಷ್ಟು ಜನ ಅಂಟಿಸಿದ್ದಾರೆಂದರೆ ಕಲ್ಲು ಕಾಣಿಸುವುದೇ ಇಲ್ಲ. ಪಕ್ಕದಲ್ಲಿ ಚಪ್ಪಲಿಗಳ ರಾಶಿಯೂ ಇದೆ, ಅಂದರೆ ಕೆಲವರಿಗಾದರೂ ವಾಸಿಯಾಗಿದೆ.

ಆಮೇಲೆ ಟೆನ್ನೋಜಿ, ಅದರ ಪಕ್ಕದ ದೊಡ್ಡ ಸ್ಮಶಾನ. ಸಮಾಧಿಗಳ ಹಿಂದೆ ಉದ್ದನೆಯ ಮರದ ಹಲಗೆಗಳನ್ನು ನಿಲ್ಲಿಸಿರುತ್ತಾರೆ. ಹಲಗೆಯ ಮೇಲ್ಭಾಗದಲ್ಲಿ ಕುಂಚದಿಂದ ಬರೆದ ಐದು ಅಕ್ಷರ. ಗೈಡ್ ಬೆರಳಿಟ್ಟು ತೋರಿಸಿದರು: ಖ, ಹ, ರ, ವ, ಅ. ಆಕಾಶ, ಗಾಳಿ, ಬೆಂಕಿ, ನೀರು, ಭೂಮಿ. ಭಾರತದಿಂದ ಹೋದ ಸಿದ್ಧಂ ಎಂಬ ಹಳೇ ಲಿಪಿ ಅಂತೆ ಅದು. ಟೋಕಿಯೊದ ಸ್ಮಶಾನದಲ್ಲಿ ಪಂಚಭೂತ ಓದಿದೆ ನೋಡಿ!

ಕೊನೆಗೆ ಕೊಳದ ಮಧ್ಯದ ಬೆಂಝೈಟೆನ್. ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಹಿಡಿಯುವ ಸರಸ್ವತಿ. ಏಳರಲ್ಲಿ ಮೂವರು ನಮ್ಮ ಕಡೆಯಿಂದ ಹೋದವರು: ಬೆಂಝೈಟೆನ್ ಸರಸ್ವತಿ, ದೈಕೊಕುಟೆನ್ ಮಹಾಕಾಲ, ಬಿಶಾಮೊಂಟೆನ್ ವೈಶ್ರವಣ ಅಂದರೆ ಕುಬೇರ. ಫುಕುರೊಕುಜು, ಜುರೋಜಿನ್ ಚೀನಾದ ದಾವ್ ಪಂಥದವರು. ಹೋಟೆಯ್ ಚೀನಾದ ಒಬ್ಬ ಡೊಳ್ಳು ಹೊಟ್ಟೆಯ ಭಿಕ್ಷು. ಮೀನು ಹಿಡಿದ ಎಬಿಸು ಒಬ್ಬನೇ ಅಪ್ಪಟ ಜಪಾನಿ.

ಈ ತರಹದ ನಡಿಗೆ ಮಾಡಿದವರು ಇಲ್ಲಿ ಯಾರಾದರೂ ಇದ್ದೀರಾ? ನಿಮಗೆ ಏನನ್ನಿಸಿತು?

ಹಂಪಿಹುಡುಗ:
ಓದಿ ಮೈ ಜುಮ್ಮೆಂದಿತು ಗುರುವೇ. ಸರಸ್ವತಿ ನಮ್ಮವಳು, ಕುಬೇರ ನಮ್ಮವನು, ಅಕ್ಷರ ನಮ್ಮದು. ಅವರ ಎಮ್ಮಾ ಅನ್ನುವ ದೇವರು ನಮ್ಮ ಯಮ. ಗೋಮಾ ಅಂತ ಬೆಂಕಿ ಹಾಕಿ ಮಾಡುವುದು ನಮ್ಮ ಹೋಮ. ಹಾಗಾದರೆ ಅವರು ಮಾಡುತ್ತಿರುವುದು ನಮ್ಮ ಪೂಜೆಯೇ ಅಲ್ವಾ? ಹೆಸರು ಮಾತ್ರ ಬೇರೆ.

ಟೋಕಿಯೊ_ಸೊಸೆ:
ನಾನು ಇಲ್ಲಿ ನೆಲೆಸಿ ಬಹಳ ವರ್ಷ ಆಯಿತು. ಊರಿನಿಂದ ಯಾರೇ ಬಂದರೂ ಇದೇ ಮಾತು ಹೇಳುತ್ತಾರೆ. ಖುಷಿ ಸಹಜ. ಆದರೆ ಬೆಂಝೈಟೆನ್ ಮುಂದೆ ನಿಂತವರು ಏನು ಕೇಳಿಕೊಳ್ಳುತ್ತಾರೆ ಅಂತ ಗಮನಿಸಿ. ಹಾಡು, ನೃತ್ಯ ಕಲಿಯುವವರು ಬರುತ್ತಾರೆ, ನಿಜ. ಜಾಸ್ತಿ ಜನ ಬರುವುದು ದುಡ್ಡಿಗೆ. ಕಾಮಕುರಾದಲ್ಲಿ ಒಂದು ಬೆಂಝೈಟೆನ್ ಗುಹೆ ಇದೆ, ಅಲ್ಲಿ ನೋಟು, ನಾಣ್ಯಗಳನ್ನು ಬುಟ್ಟಿಯಲ್ಲಿಟ್ಟು ತೊಳೆಯುತ್ತಾರೆ. ತೊಳೆದ ದುಡ್ಡು ಬೆಳೆಯುತ್ತದೆ ಅಂತ ನಂಬಿಕೆ.

ಪರೀಕ್ಷೆ ಪಾಸಾಗಲು ಇಲ್ಲಿಯ ಮಕ್ಕಳು ಸರಸ್ವತಿ ಹತ್ತಿರ ಹೋಗುವುದಿಲ್ಲ. ಅದೇ ಕೊಳದಿಂದ ನಡೆದು ಹೋಗುವಷ್ಟು ದೂರದಲ್ಲಿ ಯುಶಿಮಾ ಟೆಂಜಿನ್ ಎಂಬ ಗುಡಿ ಇದೆ, ಅಲ್ಲಿಗೆ ಹೋಗುತ್ತಾರೆ. ಆ ದೇವರು ಸುಗಾವಾರಾ ನೊ ಮಿಚಿಝಾನೆ. 845ರಲ್ಲಿ ಹುಟ್ಟಿದ ಮನುಷ್ಯ. ದೊಡ್ಡ ವಿದ್ವಾಂಸ, ಅರಮನೆಯಲ್ಲಿ ದೊಡ್ಡ ಹುದ್ದೆ. ಚಾಡಿ ಮಾತಿಗೆ ಸಿಕ್ಕಿ ದೂರದ ದಝೈಫುಗೆ ಗಡಿಪಾರಾದ, 903ರಲ್ಲಿ ಅಲ್ಲೇ ಸತ್ತ. ಆಮೇಲೆ ಕ್ಯೋಟೊದಲ್ಲಿ ಸಾಲು ಸಾಲು ಸಾವು, ಅರಮನೆಗೆ ಸಿಡಿಲು. ಇದೆಲ್ಲ ಅವನ ಸಿಟ್ಟು ಅಂತ ಹೆದರಿ ಗುಡಿ ಕಟ್ಟಿದರು. ಆ ಸಿಟ್ಟಿನ ಆತ್ಮವೇ ಕಾಲ ಕಳೆದಂತೆ ವಿದ್ಯೆಯ ದೇವರಾಯಿತು. ಇದು ಭಾರತದಿಂದ ಬಂದದ್ದಲ್ಲ.

ಕದ್ರಿಗುಡ್ಡೆ:
ಮಾರಾಯ್ರೆ, ಇದು ನಮ್ಮ ತುಳುನಾಡಿನ ದೈವದ ಕಥೆ ಇದ್ದ ಹಾಗೆಯೇ ಇದೆ! ಅನ್ಯಾಯಕ್ಕೆ ಸಿಕ್ಕಿ ಸತ್ತವರು ದೈವವಾಗುತ್ತಾರೆ, ಊರವರು ಹೆದರಿ ನಂಬುತ್ತಾರೆ, ಆಮೇಲೆ ಅದೇ ದೈವ ಊರು ಕಾಯುತ್ತದೆ. ಜಪಾನನ್ನು ಪುರಾಣದ ದೇವರ ಪಟ್ಟಿ ಹಿಡಿದು ನೋಡುವುದಕ್ಕಿಂತ ಹೀಗೆ ನೋಡಿದರೆ ಬೇಗ ಅರ್ಥ ಆಗುತ್ತದೆ ಅಂತ ನನಗನ್ನಿಸುತ್ತದೆ.

ಟೋಕಿಯೊ_ಸೊಸೆ:
ಸರಿಯಾಗಿ ಹೇಳಿದಿರಿ. ಅಸಾಕುಸಾದ ಸೆನ್ಸೋಜಿ ಎಂಬ ಬೌದ್ಧ ದೇವಸ್ಥಾನದ ಪಕ್ಕದ ಗುಡಿಯಲ್ಲೂ ಹೀಗೇ. 628ರಲ್ಲಿ ಸುಮಿದಾ ನದಿಯಲ್ಲಿ ಇಬ್ಬರು ಬೆಸ್ತ ಅಣ್ಣ ತಮ್ಮಂದಿರ ಬಲೆಗೆ ಕಾನ್ನೊನ್ ಅನ್ನುವ ಕರುಣೆಯ ಬೋಧಿಸತ್ವನ ಮೂರ್ತಿ ಸಿಕ್ಕಿತಂತೆ. ಊರಿನ ಹಿರಿಯ ತನ್ನ ಮನೆಯನ್ನೇ ದೇವಸ್ಥಾನ ಮಾಡಿದ. ದೇವಸ್ಥಾನದಲ್ಲಿ ಕಾನ್ನೊನ್, ಪಕ್ಕದ ಗುಡಿಯಲ್ಲಿ ಆ ಮೂವರು ಮನುಷ್ಯರೇ ದೇವರು. ಮೇ ತಿಂಗಳಲ್ಲಿ ಅವರದೇ ಹಬ್ಬ, ಸಾಂಜಾ ಮಾತ್ಸುರಿ. ಊರೆಲ್ಲ ಪಲ್ಲಕ್ಕಿ ಹೊರುತ್ತದೆ.

ಇತಿಹಾಸದ_ಮೇಷ್ಟ್ರು:
ಹಂಪಿಹುಡುಗ ಅವರಿಗೆ ಒಂದು ಮಾತು. ಈ ದೇವರುಗಳು ಇಲ್ಲಿಂದ ನೇರ ಜಪಾನಿಗೆ ಹೋದವರಲ್ಲ. ಬೌದ್ಧ ಗ್ರಂಥಗಳ ಒಳಗೆ, ಧರ್ಮ ಕಾಯುವ ದೇವತೆಗಳಾಗಿ, ಮಧ್ಯ ಏಷ್ಯಾ, ಚೀನಾ, ಕೊರಿಯಾ ಸುತ್ತಿ ಹೋದವರು. ದಾರಿಯುದ್ದಕ್ಕೂ ಬದಲಾದರು. ಸುವರ್ಣಪ್ರಭಾಸ ಸೂತ್ರದಲ್ಲಿ ಸರಸ್ವತಿಗೆ ಎಂಟು ಕೈ, ಕೈತುಂಬ ಆಯುಧ. ಶಿನೊಬಾಝು ಕೊಳದ ಬೆಂಝೈಟೆನ್ ಕೂಡ ಎಂಟು ಕೈಯವಳೇ. ನಾವು ಕ್ಯಾಲೆಂಡರ್‌ನಲ್ಲಿ ನೋಡುವ ಬಿಳಿ ಸೀರೆಯ ಸರಸ್ವತಿಯನ್ನು ಅಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮಹಾಕಾಲನ ಕಥೆ ಇನ್ನೂ ಸೊಗಸು. 7ನೇ ಶತಮಾನದ ಕೊನೆಗೆ ಭಾರತಕ್ಕೆ ಬಂದಿದ್ದ ಚೀನಾದ ಭಿಕ್ಷು ಇತ್ಸಿಂಗ್, ಇಲ್ಲಿಯ ವಿಹಾರಗಳ ಅಡುಗೆಮನೆ ಹತ್ತಿರ ಮಹಾಕಾಲನ ಮೂರ್ತಿ ಇಡುತ್ತಾರೆ, ಎಣ್ಣೆ ಸವರಿ ಸವರಿ ಅದು ಕಪ್ಪಾಗಿರುತ್ತದೆ ಅಂತ ಬರೆದಿದ್ದಾನೆ. ಅನ್ನದ ಕೊರತೆ ಆಗದ ಹಾಗೆ ನೋಡಿಕೊಳ್ಳುವ ದೇವರು. ಜಪಾನಿನಲ್ಲೂ ದೈಕೊಕುಟೆನ್ ಮಠದ ಅಡುಗೆಮನೆಯಲ್ಲಿ ಕೂತ. ಆಮೇಲೆ ಅಲ್ಲಿಯ ಓಕುನಿನುಶಿ ಎಂಬ ದೇವರ ಜೊತೆ ಬೆರೆತುಹೋದ. ಈಗ ಅಕ್ಕಿ ಮೂಟೆಗಳ ಮೇಲೆ ನಿಂತು, ಹೆಗಲಿಗೆ ಚೀಲ, ಕೈಯಲ್ಲಿ ಸುತ್ತಿಗೆ ಹಿಡಿದು ನಗುತ್ತಾನೆ. ಸ್ಮಶಾನವಾಸಿ ರುದ್ರನಿಗೂ ಈ ನಗುಮುಖಕ್ಕೂ ನಂಟು ಇದೆ, ಆದರೆ ಇಬ್ಬರೂ ಒಬ್ಬರೇ ಅಂದರೆ ಇಬ್ಬರಿಗೂ ಅನ್ಯಾಯ.

ಹಂಪಿಹುಡುಗ:
ಒಪ್ಪಿದೆ ಮೇಷ್ಟ್ರೇ, ಪೂರ್ತಿ ಅಲ್ಲ. ಬೇರು ಇಲ್ಲಿದೆ ಅಂತ ಹೇಳುವುದರಲ್ಲಿ ತಪ್ಪೇನು? ಅಲ್ಲಿಯ ಗೈಡುಗಳೇ ಹೇಳುತ್ತಾರಲ್ಲ.

ಇತಿಹಾಸದ_ಮೇಷ್ಟ್ರು:
ತಪ್ಪಿಲ್ಲ. ಅಲ್ಲಿಗೇ ನಿಂತರೆ ನಷ್ಟ, ಅಷ್ಟೇ. ಆ ನಡಿಗೆಯಲ್ಲಿ ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ: ಒಂದೇ ಪೇಟೆಯಲ್ಲಿ ಅಷ್ಟೊಂದು ದೇವಸ್ಥಾನ ಯಾಕೆ?

ಮೊದಲ ಕಾರಣ ಬೆಂಕಿ. 1657ರ ಮೆಯ್‌ರೆಕಿ ಬೆಂಕಿಯಲ್ಲಿ ಎದೊ ನಗರದ ಬಹುಭಾಗ ಸುಟ್ಟು ಹೋಯಿತು. ಸತ್ತವರು ಒಂದು ಲಕ್ಷದವರೆಗೆ ಇರಬಹುದು ಅಂತಾರೆ. ನಗರವನ್ನು ಮತ್ತೆ ಕಟ್ಟುವಾಗ ಚಕ್ರವರ್ತಿಯ ಹೆಸರಲ್ಲಿ ದೇಶ ಆಳುತ್ತಿದ್ದ ಸೇನಾಧಿಪತಿಯ, ಅಂದರೆ ಶೋಗನ್‌ನ ಸರ್ಕಾರ ದೇವಸ್ಥಾನಗಳನ್ನು ನಡುಪೇಟೆಯಿಂದ ಎಬ್ಬಿಸಿ ಅಂಚಿಗೆ ಕಳಿಸಿತು. ಯಾನಕಾಕ್ಕೂ ಹಾಗೆ ಬಹಳಷ್ಟು ಬಂದವು.

ಎರಡನೆಯದು ದಾಖಲೆ ಪುಸ್ತಕ. ಕ್ರೈಸ್ತ ಮತವನ್ನು 1614ರಲ್ಲಿ ದೇಶಾದ್ಯಂತ ನಿಷೇಧಿಸಿದರು. 1637–38ರಲ್ಲಿ ಕ್ರೈಸ್ತ ರೈತರು ಹೆಚ್ಚಿದ್ದ ಶಿಮಾಬಾರಾ ದಂಗೆ ಆದ ಮೇಲೆ ಹಿಡಿತ ಇನ್ನೂ ಬಿಗಿಯಾಯಿತು. ಪ್ರತಿ ಮನೆಯವರೂ ಯಾವುದಾದರೂ ಬೌದ್ಧ ದೇವಸ್ಥಾನದಲ್ಲಿ ಹೆಸರು ಬರೆಸಬೇಕು, ‘ಇವರು ಕ್ರೈಸ್ತರಲ್ಲ’ ಅಂತ ದೇವಸ್ಥಾನ ಖಾತರಿ ಕೊಡಬೇಕು. ಅಂದರೆ ದೇವಸ್ಥಾನವೇ ಒಂದು ರೀತಿ ತಾಲ್ಲೂಕು ಕಚೇರಿ. ಮನೆತನಕ್ಕೊಂದು ದೇವಸ್ಥಾನ, ಅಲ್ಲೇ ಸಮಾಧಿ, ಅಲ್ಲೇ ತಿಥಿ, ಅದರಿಂದಲೇ ಪುರೋಹಿತರ ಸಂಸಾರ. ಇವತ್ತಿಗೂ ಎಷ್ಟೋ ಮನೆತನಗಳ ಅಂತ್ಯಸಂಸ್ಕಾರ ಬೌದ್ಧ ರೀತಿಯಲ್ಲೇ ನಡೆಯುವುದಕ್ಕೆ ಇದೇ ದೊಡ್ಡ ಕಾರಣ. ಭಕ್ತಿಯ ಪ್ರಶ್ನೆ ಆಮೇಲೆ.

ಬೇಂದ್ರೆನಗರಿ:
ಇದು ಗೊತ್ತಿರಲಿಲ್ಲರೀ. ಟೂರ್ ಕಂಪನಿಯವರು ‘ಜಪಾನಿಗಳು ಎಲ್ಲಾ ಧರ್ಮವನ್ನೂ ಸಮಾಧಾನದಿಂದ ಒಪ್ಪಿಕೊಂಡವರು’ ಅಂತ ಬರೆಯುತ್ತಾರೆ. ಹುಟ್ಟಿದಾಗ ಜಪಾನಿನದೇ ಆದ ಶಿಂಟೊ, ಮದುವೆಗೆ ಚರ್ಚು, ಸತ್ತಾಗ ಬುದ್ಧ ಅಂತ.

ತುಂಗಾತೀರ:
ಆ ಮಾತು ನಮ್ಮ ಗೈಡ್ ಕೂಡ ಹೇಳಿದರು. ಆದರೆ ಟೆನ್ನೋಜಿ ಮುಂದೆ ನಿಲ್ಲಿಸಿ ಅದಕ್ಕೆ ಉಲ್ಟಾ ಕಥೆಯನ್ನೂ ಹೇಳಿದರು.

ಆ ದೇವಸ್ಥಾನದ ಹಳೇ ಹೆಸರು ಕಾನ್ನೋಜಿ. ನಿಚಿರೆನ್ ಎಂಬ ಬೌದ್ಧ ಪಂಥದ ಒಂದು ಕಟ್ಟಾ ಶಾಖೆಗೆ ಸೇರಿತ್ತು. ತಮ್ಮ ನಂಬಿಕೆ ಇಲ್ಲದವರಿಂದ ದಾನ ತೆಗೆದುಕೊಳ್ಳುವುದೂ ಇಲ್ಲ, ಕೊಡುವುದೂ ಇಲ್ಲ ಅನ್ನುವವರು. ದಾನ ಕೊಡುವವನು ಶೋಗನ್ ಆದರೂ ಬೇಡ! ಸರ್ಕಾರ ಬಿಡುತ್ತದೆಯೇ? 17ನೇ ಶತಮಾನದ ಕೊನೆಗೆ ದೇವಸ್ಥಾನವನ್ನೇ ಟೆಂಡೈ ಪಂಥಕ್ಕೆ ಬಲವಂತವಾಗಿ ಸೇರಿಸಿದರು. ಹೆಸರು ಬದಲಾದದ್ದು 1833ರಲ್ಲಿ. ಪಂಥ ಬದಲಾದ ಮೇಲೆ ಅದೇ ಜಾಗ ಏನಕ್ಕೆ ಹೆಸರಾಯಿತು ಗೊತ್ತಾ? ಲಾಟರಿಗೆ. ಎದೊದ ಮೂರು ದೊಡ್ಡ ಲಾಟರಿಗಳಲ್ಲಿ ಒಂದು ಇಲ್ಲಿ ನಡೆಯುತ್ತಿತ್ತು. ದಾನ ಬೇಡ ಅಂದ ದೇವಸ್ಥಾನದ ಅಂಗಳದಲ್ಲಿ ಚೀಟಿ ಎತ್ತಲು ಜಾತ್ರೆ ಸೇರುತ್ತಿತ್ತು.

ಐದಂತಸ್ತಿನ ಪಗೋಡಾ ಇದ್ದದ್ದೂ ಇಲ್ಲೇ. 1772ರಲ್ಲಿ ಒಮ್ಮೆ ಸುಟ್ಟು, 1791ರಲ್ಲಿ ಮತ್ತೆ ಎದ್ದಿತ್ತು. ಭೂಕಂಪ ದಾಟಿತು, ಬಾಂಬು ದಾಟಿತು. 1957ರ ಜುಲೈನಲ್ಲಿ ಒಂದು ಜೋಡಿ ಅದರೊಳಗೆ ಬೆಂಕಿ ಹಚ್ಚಿಕೊಂಡು ಜೀವ ಕಳೆದುಕೊಂಡಿತು. ಈಗ ಅಡಿಪಾಯದ ಕಲ್ಲುಗಳಷ್ಟೇ ಉಳಿದಿವೆ, ಪಕ್ಕದಲ್ಲಿ ಮಕ್ಕಳ ಆಟದ ಜಾಗ.

ಕದ್ರಿಗುಡ್ಡೆ:
ಶಿಂಟೊ ಗುಡಿ ಯಾವುದು, ಬೌದ್ಧ ದೇವಸ್ಥಾನ ಯಾವುದು ಅಂತ ಹೇಗೆ ಗುರುತಿಸುವುದು? ತೋರಿ ಕಮಾನು ಇದ್ದರೆ ಶಿಂಟೊ ಅಂತ ಎಲ್ಲೋ ಓದಿದ್ದೆ.

ಟೋಕಿಯೊ_ಸೊಸೆ:
ಸಾಮಾನ್ಯವಾಗಿ ಹೌದು. ಆದರೆ ಅಕಾಸಾಕಾದ ತೊಯೊಕಾವಾ ಇನಾರಿಗೆ ಹೋಗಿ ನೋಡಿ. ನರಿಗಳ ಸಾಲು, ಬೆಳೆಯ ದೇವರು ಇನಾರಿಯ ಹೆಸರು, ಎಲ್ಲ ಶಿಂಟೊ ತರಹ. ಅದು ಝೆನ್ ಬೌದ್ಧ ದೇವಸ್ಥಾನ. ಒಳಗಿರುವ ದೇವಿ ದಾಕಿನಿಟೆನ್, ಅಂದರೆ ನಮ್ಮ ಡಾಕಿನಿಯ ನಂಟು. ನೋಡಿ, ನಾನೂ ‘ನಮ್ಮ’ ಅಂದೆ.

1868ರ ತನಕ ಎರಡೂ ಬೆರೆತೇ ಇದ್ದವು. ದೇವಸ್ಥಾನದೊಳಗೆ ಗುಡಿ, ಗುಡಿಯೊಳಗೆ ಬುದ್ಧ. ಶೋಗನ್ ಆಳ್ವಿಕೆ ಮುಗಿದು ಚಕ್ರವರ್ತಿಯ ಮೆಯ್‌ಜಿ ಸರ್ಕಾರ ಬಂದದ್ದೇ ಎರಡನ್ನೂ ಬೇರೆ ಮಾಡಿ ಅಂತ ಆಜ್ಞೆ ಹೊರಡಿಸಿತು. ಚಕ್ರವರ್ತಿಯನ್ನು ಮೇಲೆ ಕೂರಿಸಲು ಶುದ್ಧ ಶಿಂಟೊ ಬೇಕಿತ್ತು. ಎಷ್ಟೋ ಕಡೆ ಬುದ್ಧನ ಮೂರ್ತಿ ಒಡೆದರು, ದೇವಸ್ಥಾನ ಮುಚ್ಚಿದರು. ಅಸಾಕುಸಾದಲ್ಲಿ ಬೆಸ್ತರ ಗುಡಿಯೂ ಕಾನ್ನೊನ್ ದೇವಸ್ಥಾನವೂ ಕಾಗದದ ಮೇಲೆ ಬೇರೆಯಾದದ್ದು ಆಗಲೇ. ಜನ ಮಾತ್ರ ಇವತ್ತಿಗೂ ಒಂದೇ ಸುತ್ತಿನಲ್ಲಿ ಎರಡಕ್ಕೂ ಕೈ ಮುಗಿಯುತ್ತಾರೆ.

ಉಯೆನೊದಲ್ಲಿ ಇದಕ್ಕೆ ಒಳ್ಳೇ ಉದಾಹರಣೆ ಇದೆ. ತೋಶೋಗು ಎಂಬ ಶಿಂಟೊ ಗುಡಿಗೆ 1639ರ ಐದಂತಸ್ತಿನ ಪಗೋಡಾ ಇತ್ತು. ಪಗೋಡಾ ಬೌದ್ಧರದ್ದು, ಆಜ್ಞೆಯ ಪ್ರಕಾರ ಕೆಡವಬೇಕು. ಗುಡಿಯ ಮುಖ್ಯಸ್ಥರು ‘ಇದು ನಮ್ಮದಲ್ಲ, ಪಕ್ಕದ ಕಾನೆಯ್‌ಜಿ ದೇವಸ್ಥಾನದ್ದು’ ಅಂತ ಬರೆದುಕೊಟ್ಟರು. ಉಳಿಯಿತು. ಈಗ ಅದು ಉಯೆನೊ ಪ್ರಾಣಿ ಸಂಗ್ರಹಾಲಯದ ಬೇಲಿಯೊಳಗೆ ನಿಂತಿದೆ. ಆನೆ ನೋಡಲು ಹೋದವರಿಗೆ ಪಗೋಡಾ ಉಚಿತ.

ಇತಿಹಾಸದ_ಮೇಷ್ಟ್ರು:
ಉಯೆನೊ ಗುಡ್ಡವೇ ಒಂದು ನಕಲು ನೋಡಿ. ಕ್ಯೋಟೊದ ಈಶಾನ್ಯಕ್ಕೆ ಹಿಯೆಯ್ ಬೆಟ್ಟದ ಮಠ ಇದೆ, ಆ ದಿಕ್ಕಿನಿಂದ ಬರುವ ಕೆಡುಕನ್ನು ತಡೆಯಲು. ಅದೇ ಲೆಕ್ಕದಲ್ಲಿ ತೆಂಕಾಯ್ ಎಂಬ ಸನ್ಯಾಸಿ 1625ರಲ್ಲಿ ಎದೊ ಕೋಟೆಯ ಈಶಾನ್ಯಕ್ಕೆ ಕಾನೆಯ್‌ಜಿ ಕಟ್ಟಿಸಿದ. ಹಿಯೆಯ್ ಬೆಟ್ಟದ ಬುಡದ ಬಿವಾ ಸರೋವರದ ಬದಲು ಶಿನೊಬಾಝು ಕೊಳ. ಆ ಸರೋವರದ ಚಿಕುಬು ದ್ವೀಪದಲ್ಲಿ ಬೆಂಝೈಟೆನ್ ಇದ್ದಾಳೆ, ಅದಕ್ಕೇ ಈ ಕೊಳದಲ್ಲೂ ಒಂದು ದ್ವೀಪ ಮಾಡಿ ಅವಳನ್ನು ಕೂರಿಸಿದರು. ತುಂಗಾತೀರ ಅವರು ನೋಡಿದ ಸರಸ್ವತಿ ಗಂಗಾತೀರದಿಂದ ನೇರ ಬಂದು ಕೂತವಳಲ್ಲ, ಕ್ಯೋಟೊ ಕಡೆಯ ಸರಸ್ವತಿಯ ಪ್ರತಿ.

ಹದಿನೈದು ಶೋಗನ್‌ರಲ್ಲಿ ಆರು ಜನರ ಸಮಾಧಿ ಕಾನೆಯ್‌ಜಿಯಲ್ಲಿದೆ. 1868ರ ಜುಲೈ 4ರಂದು ಶೋಗನ್ ಪರ ಇದ್ದ ಶೋಗಿತಾಯ್ ಪಡೆ ಈ ಗುಡ್ಡದ ಮೇಲೆ ನಿಂತು ಹೊಸ ಸರ್ಕಾರದ ಸೈನ್ಯದ ಜೊತೆ ಹೋರಾಡಿತು. ಒಂದೇ ದಿನದಲ್ಲಿ ಸೋತರು, ದೇವಸ್ಥಾನದ ಬಹುಭಾಗ ಸುಟ್ಟುಹೋಯಿತು. 1873ರಲ್ಲಿ ಆ ಜಾಗವೇ ಪಾರ್ಕ್ ಆಯಿತು. ಚೆರ್ರಿ ಹೂವು ನೋಡಲು ಚಾಪೆ ಹಾಸಿ ಕೂರುವುದು ಆ ರಣರಂಗದ ಮೇಲೆಯೇ.

ಇನ್ನೊಂದು ತಮಾಷೆ. ದಾಳಿ ಮಾಡಿದ ಸೈನ್ಯದ ನಾಯಕರಲ್ಲಿ ಒಬ್ಬನಾದ ಸೈಗೊ ತಕಾಮೊರಿಯ ಪ್ರತಿಮೆ 1898ರಿಂದ ಅದೇ ಗುಡ್ಡದಲ್ಲಿದೆ, ನಾಯಿ ಹಿಡಿದುಕೊಂಡು. ಅದರ ಹತ್ತಿರದಲ್ಲೇ ಸೋತವರ ಸಮಾಧಿ. ಸೈಗೊ ಕೂಡ ಮುಂದೆ ಅದೇ ಸರ್ಕಾರದ ಮೇಲೆ ಬಂಡೆದ್ದು 1877ರಲ್ಲಿ ಸತ್ತವನು. ಸರ್ಕಾರ ಅವನಿಗೆ 1889ರಲ್ಲಿ ಮಾಫಿ ಕೊಟ್ಟಿತು.

ತುಂಗಾತೀರ:
ಕೊನೆಯ ಶೋಗನ್ ಯೊಶಿನೊಬು ಸಮಾಧಿ ಯಾನಕಾದಲ್ಲೇ ಇದೆ ಮೇಷ್ಟ್ರೇ. 1867ರಲ್ಲಿ ಅಧಿಕಾರ ಬಿಟ್ಟುಕೊಟ್ಟವರು, 1913ರ ತನಕ ಬದುಕಿದ್ದರು. ಹಿಂದಿನ ಶೋಗನ್‌ಗಳಲ್ಲಿ ಹೆಚ್ಚಿನವರು ಬೌದ್ಧ ರೀತಿಯಲ್ಲಿ ಮಲಗಿದ್ದರೆ ಇವರದ್ದು ಶಿಂಟೊ ರೀತಿ, ದುಂಡನೆಯ ದಿಬ್ಬ. ಬೇಲಿಯ ಹೊರಗಿನಿಂದ ನೋಡಬಹುದು. ಚಕ್ರವರ್ತಿಗೆ ಕೊನೆ ತನಕ ತಲೆಬಾಗಿದ್ದನ್ನು ಸಮಾಧಿಯೂ ಹೇಳುತ್ತದೆ ಅಂತ ಗೈಡ್ ಅಂದರು. ನನಗೆ ಅದು ಸ್ವಲ್ಪ ಜಾಸ್ತಿ ಅನ್ನಿಸಿತು. ಇರಲಿ.

ಹಂಪಿಹುಡುಗ:
ಸರಿ, 1868 ಅರ್ಥವಾಯಿತು. ಹಾಗಾದರೆ ನಮ್ಮಲ್ಲಿ ಇಂಥ ಬೆರಕೆ ಎಲ್ಲಾದರೂ ಉಳಿದಿದೆಯಾ? ಬುದ್ಧನನ್ನು ನಾವು ಪೂರ್ತಿ ಮರೆತೆವಲ್ಲ.

ಕದ್ರಿಗುಡ್ಡೆ:
ನನ್ನ ಹೆಸರು ನೋಡಿಯೇ ಕೇಳಿದಿರೋ ಹೇಗೆ! ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿ ಇದೆ. ಆಳುಪ ಅರಸ ಕುಂದವರ್ಮ ಕ್ರಿ.ಶ. 968ರಲ್ಲಿ ಕದಿರಿಕಾ ವಿಹಾರದಲ್ಲಿ ನಿಲ್ಲಿಸಿದ್ದು ಅಂತ ಪೀಠದ ಶಾಸನವೇ ಹೇಳುತ್ತದೆ. ಲೋಕೇಶ್ವರ ಅಂದರೆ ಅವಲೋಕಿತೇಶ್ವರ. ಅಸಾಕುಸಾದ ಕಾನ್ನೊನ್ ಕೂಡ ಅವನೇ. ಅಲ್ಲಿ ಮೂರ್ತಿ ಯಾರಿಗೂ ಕಾಣದ ಹಾಗೆ ಮುಚ್ಚಿಟ್ಟಿದ್ದಾರೆ, ನಮ್ಮಲ್ಲಿ ಎದುರಿಗೇ ಇದ್ದರೂ ಎಷ್ಟೋ ಜನ ಮಂಜುನಾಥನಿಗೆ ಕೈ ಮುಗಿದು ಹೊರಟುಬಿಡುತ್ತಾರೆ. ಹೆಚ್ಚಿನವರು ಅದನ್ನು ಬೌದ್ಧ ಮೂರ್ತಿ ಅಂತ ನೋಡುವುದೇ ಇಲ್ಲ.

ಇತಿಹಾಸದ_ಮೇಷ್ಟ್ರು:
ಒಳ್ಳೆಯ ನೆನಪು. ಯಾನಕಾಕ್ಕೆ ಭಾರತದ ಹೊಸ ಕಾಲದ ನಂಟೂ ಒಂದಿದೆ. ಕಲಾ ಚಿಂತಕ ಓಕಾಕುರಾ ತೆನ್‌ಶಿನ್ 1898ರಲ್ಲಿ ತಮ್ಮ ಕಲಾ ಸಂಸ್ಥೆ ಕಟ್ಟಿದ್ದು ಅಲ್ಲೇ. ಆ ಜಾಗ ಈಗ ಅವರ ನೆನಪಿನ ಪುಟ್ಟ ಪಾರ್ಕು. 1901–02ರಲ್ಲಿ ಅವರು ಭಾರತಕ್ಕೆ ಬಂದು ವಿವೇಕಾನಂದರನ್ನು ಕಂಡರು, ಕಲ್ಕತ್ತದಲ್ಲಿ ಟಾಗೋರ್ ಮನೆತನದ ಸ್ನೇಹ ಬೆಳೆಸಿದರು. ಅವರ ಶಿಷ್ಯ, ಚಿತ್ರಕಾರ ಯೊಕೊಯಾಮಾ ತೈಕಾನ್ 1903ರಲ್ಲಿ ಕಲ್ಕತ್ತಕ್ಕೆ ಬಂದಿದ್ದರು. ತೈಕಾನ್ ಮನೆ ಶಿನೊಬಾಝು ಕೊಳದ ದಡದಲ್ಲೇ ಇದೆ, ಈಗ ಅದು ಸ್ಮಾರಕ. ಭಾರತ–ಜಪಾನ್ ನಂಟು ಬೇಕಿದ್ದರೆ ಸಾವಿರ ವರ್ಷ ಹಿಂದಕ್ಕೇ ಹೋಗಬೇಕೆಂದಿಲ್ಲ.

ಬೇಂದ್ರೆನಗರಿ:
ಏಪ್ರಿಲ್‌ನಲ್ಲಿ ನಾವು ಹೊರಟಿದ್ದೇವೆ, ಜೊತೆಗೆ ಅತ್ತೆಯವರು. ಅವರಿಗೆ ಮಂಡಿ ನೋವು, ಶುದ್ಧ ಸಸ್ಯಾಹಾರ ಬೇರೆ. ಈ ನಡಿಗೆ ಅವರಿಂದ ಆಗುತ್ತದಾ?

ಟೋಕಿಯೊ_ಸೊಸೆ:
ಏಳೂ ದೇವಸ್ಥಾನ ಬೇಡ ಅಕ್ಕ. ಜನವರಿ ಬಿಟ್ಟರೆ ಕೆಲವು ಕಡೆ ಭಾಗ್ಯದೇವರ ಮೂರ್ತಿ ನೋಡಲು ಸಿಗುವುದೂ ಇಲ್ಲ. ನಿಪ್ಪೋರಿ ಸ್ಟೇಷನ್‌ನಲ್ಲಿ ಇಳಿದು ಟೆನ್ನೋಜಿ, ಸ್ಮಶಾನದ ಚೆರ್ರಿ ಮರಗಳ ದಾರಿ ನೋಡಿ. ನೆಲ ಹೆಚ್ಚುಕಡಿಮೆ ಸಮ. ಯಾನಕಾ ಗಿಂಝಾ ಅಂಗಡಿ ಬೀದಿಗೆ ಇಳಿಯುವಲ್ಲಿ ಮೆಟ್ಟಿಲಿವೆ, ಬೇಕಿದ್ದರೆ ಮೇಲಿನಿಂದಲೇ ನೋಡಿ ವಾಪಸ್ ಬನ್ನಿ. ಅಲ್ಲಿಂದ ಉಯೆನೊಗೆ ಟ್ಯಾಕ್ಸಿ. ಸಮಾಧಿಗಳ ಹತ್ತಿರ ಯಾರಾದರೂ ನೀರು ಹಾಕಿ ಪೂಜೆ ಮಾಡುತ್ತಿದ್ದರೆ ಫೋಟೊ ತೆಗೆಯಬೇಡಿ.

ಊಟದ್ದು ಎಚ್ಚರ. ತರಕಾರಿ ಸಾರು ಅಂತ ಕೊಟ್ಟರೂ ಅದರಲ್ಲಿ ದಾಶಿ ಇರುತ್ತದೆ, ಒಣ ಮೀನಿನ ತಿಳಿ. ಉಯೆನೊ ಪಕ್ಕದ ಓಕಾಚಿಮಾಚಿಯಲ್ಲಿ ಭಾರತದ ಊಟದ ಅಂಗಡಿಗಳಿವೆ, ದಕ್ಷಿಣದ್ದೂ ಸಿಗುತ್ತದೆ.

ಶಿಂಟೊ ಗುಡಿಯಲ್ಲಿ ಎರಡು ಸಲ ಬಗ್ಗಿ, ಎರಡು ಚಪ್ಪಾಳೆ, ಮತ್ತೊಮ್ಮೆ ಬಗ್ಗುವುದು. ಬೌದ್ಧ ದೇವಸ್ಥಾನದಲ್ಲಿ ಚಪ್ಪಾಳೆ ಇಲ್ಲ, ಸುಮ್ನೆ ಕೈ ಮುಗಿದರೆ ಸಾಕು. ಕೊಳದ ಬೆಂಝೈಟೆನ್ ಇರುವುದು ಬೌದ್ಧ ಮಂಟಪ. ಮೂಲ ಮೂರ್ತಿ ಸಾಮಾನ್ಯವಾಗಿ ಮುಚ್ಚಿದ ಬಾಗಿಲ ಹಿಂದೆ ಇರುತ್ತದೆ. ಅಂಗಳದಲ್ಲಿ ನೋಡುವುದು ಬಹಳ ಇದೆ. ಅಡುಗೆಯವರ ಚಾಕುಗಳಿಗೆ ಒಂದು ಕಲ್ಲು, ಕನ್ನಡಕಕ್ಕೆ ಒಂದು ಕಲ್ಲು, ಜನ ತಿಂದ ಫುಗು ಮೀನುಗಳಿಗೆ ಒಂದು ಕಲ್ಲು. ದುಡಿದ ವಸ್ತುಗಳಿಗೂ ಶ್ರದ್ಧೆಯಿಂದ ವಿದಾಯ ಹೇಳುತ್ತಾರೆ. ಉಗಾಜಿನ್ ಅಂತ ಒಂದು ಪುಟ್ಟ ಮೂರ್ತಿಯೂ ಇದೆ, ಸುರುಳಿ ಸುತ್ತಿದ ಹಾವಿನ ಮೈ, ಮನುಷ್ಯನ ತಲೆ. ಬೆಂಝೈಟೆನ್ ಜೊತೆ ಸೇರಿಕೊಂಡ ದೇವರು.

ತುಂಗಾತೀರ:
ಉಯೆನೊದಲ್ಲಿ ಬುದ್ಧನ ಮುಖವನ್ನೂ ಬಿಡಬೇಡಿ. ದೊಡ್ಡ ಬುದ್ಧ ಇದ್ದ, 1923ರ ಭೂಕಂಪದಲ್ಲಿ ತಲೆ ಉರುಳಿತು, ಮೈಯನ್ನು ಯುದ್ಧಕ್ಕೆ ಲೋಹ ಬೇಕೆಂದು ಕರಗಿಸಿದರು. ಮುಖ ಮಾತ್ರ ಉಳಿಯಿತು, 1972ರಲ್ಲಿ ಗೋಡೆಗೆ ಕೂರಿಸಿದರು. ಇನ್ನು ಬೀಳಲು ಸಾಧ್ಯವಿಲ್ಲ ಅಂತ ಪರೀಕ್ಷೆ ಬರೆಯುವ ಮಕ್ಕಳು ಅಲ್ಲಿಗೂ ಹೋಗಿ ಬೇಡಿಕೊಳ್ಳುತ್ತಾರೆ.

ಬೇಂದ್ರೆನಗರಿ:
ಅತ್ತೆಯವರಿಗೆ ಎಲ್ಲವನ್ನೂ ಓದಿ ಹೇಳಿದೆ. ಕೆಂಪು ಕಾಗದ ಅಂಟಿಸುವ ದೇವಸ್ಥಾನಕ್ಕೆ ಹೋಗಲೇಬೇಕಂತೆ, ಮಂಡಿಗೆ. ಆಮೇಲೆ ಆ ಹಾವಿನ ದೇವರಿಗೆ ಹಾಲು ಒಯ್ಯಬಹುದಾ ಅಂತ ಕೇಳುತ್ತಿದ್ದಾರೆ.

ಟೋಕಿಯೊ_ಸೊಸೆ:
ಹಾಲು ಬೇಡ ಅಕ್ಕ, ಯಾರೂ ಎರೆಯುವುದಿಲ್ಲ. ಒಂದು ನಾಣ್ಯ ಹಾಕಿ ಕೈ ಮುಗಿಯಲಿ. ಈ ದೇಶದಲ್ಲಿ ಕೆಲವು ಕಡೆ ಹಾವಿನ ದೇವರಿಗೆ ಕೋಳಿಮೊಟ್ಟೆ ಇಡುತ್ತಾರೆ, ಅದನ್ನು ಅತ್ತೆಯವರಿಗೆ ಓದಿ ಹೇಳಬೇಡಿ.